ಇನ್ನೊಂದು ಸಲ

ಒರಿಸ್ಯ ತನ್ನ ಗಂಡ ಲೆವ್ಕೋನ ಸಮಾಧಿಯ ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವಷ್ಟರಲ್ಲಿ, ನೆರೆಮನೆಯ ಮುದುಕಿ ಖಿಮ್ಕಾ ತನ್ನ ಕರಿ ಶಾಲನ್ನು ತೆಗೆದು ಕ್ಯಾಮೆರಾದ ಮೇಲೆ ಎಸೆದುಬಿಟ್ಟಿದ್ದಳು.

“ಅಯ್ಯೋ ಅಜ್ಜೀ, ಏನ್ ಮಾಡ್ಬಿಟ್ರಿ!” ಛಾಯಾಗ್ರಾಹಕ ತಿಮಿಷ್ ಶಾಲನ್ನು ಕಿತ್ತೆಳೆದ.

“ಸಾವಾದಾಗ ಕನ್ನಡಿಗೆ ಬಟ್ಟೆ ಮುಚ್ಚಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವೇನೋ? ಇಷ್ಟು ದೊಡ್ಡ ಗಾಜು ತೆರ್ಕೊಂಡು ನಿಂತಿದ್ದೀಯ. ಲೆವ್ಕೋನ ಜೀವ ಅದರೊಳಗೆ ಹೊಕ್ಕೊಂಡ್ರೆ?”

“ಹೊಕ್ಕು ನಲವತ್ತು ವರ್ಷ ಆಯ್ತು ಬಿಡಿ ಅಜ್ಜಿ,” ಎಂದಳು ಒರಿಸ್ಯ.

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ವೋರ್ಸ್ಕ್ಲಾ ನದಿಯಿಂದ ಎದ್ದ ಮಂಜು ಶಿಲುಬೆಗಳ ಸೊಂಟದವರೆಗೆ ಬಂದಿತ್ತು. ಜನರೆಲ್ಲ ತೇಲುತ್ತಿರುವಂತೆ ಕಾಣುತ್ತಿದ್ದರು. ತಿಮಿಷನ ಮುಖ ಬಿಳಿಚಿಹೋಯಿತು. ತನ್ನೂರಿನ ಬಗ್ಗೆ ಲೆವ್ಕೊ ತೆಗೆಯುತ್ತಿದ್ದ ಸಾಕ್ಷ್ಯಚಿತ್ರಕ್ಕೆ ಇದೊಂದೇ ದೃಶ್ಯ ಬಾಕಿಯಿತ್ತು. “ನನ್ನ ಮಣ್ಣು ಮಾಡೋದನ್ನೂ ತೆಗಿ. ಒರಿಸ್ಯ ಮಣ್ಣು ಹಾಕ್ತಿದ್ದ ಹಾಗೇ ಸಿನಿಮಾ ಮುಗೀಲಿ,” ಎಂದು ಆಸ್ಪತ್ರೆಯಲ್ಲಿ ಮಲಗಿದಲ್ಲೇ ತಿಮಿಷನಿಂದ ಮಾತು ತೆಗೆದುಕೊಂಡಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಸತ್ತವನೇ ಒಪ್ಪಿದ್ದಕ್ಕೆ ಖಿಮ್ಕಾಳ ಶಾಲು ಅಡ್ಡ ಬಂದಿತ್ತು.

*

ಪ್ರಾಯದಲ್ಲೊಮ್ಮೆ ಲೆವ್ಕೊ ಗಣಿಯೂರೊಂದರಲ್ಲಿ, ಗಂಡನ ಹೆಣದ ಮೇಲೆ ಬಿದ್ದು ಅಳುತ್ತಿದ್ದ ಹೆಂಗಸನ್ನು ಚಿತ್ರಿಸುವಾಗ ರೀಲು ಮುಗಿದುಹೋಯಿತು. ಹೊಸ ರೀಲು ತುಂಬಿ, “ಇನ್ನೊಂದು ಸಲ, ಅಮ್ಮಾ,” ಅಂದ. ಅವಳು ಮೂಗೊರೆಸಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡು, ಮೊದಲಿನ ಜಾಗಕ್ಕೇ ಹೋಗಿ ಅತ್ತಳು. ಚಿತ್ರಕ್ಕೆ ಬಹುಮಾನ ಬಂತು. ಅವತ್ತು ಒರಿಸ್ಯ ಬಡಿಸಿದ ಬೀಟ್‌ರೂಟ್ ಸಾರು ಅವನ ಮುಂದೆಯೇ ಆರಿಹೋಯಿತು.

“ಹೇಳಿದ ತಕ್ಷಣ ಅತ್ತಳು ಕಣೇ,” ಎಂದಷ್ಟೇ ಹೇಳಿದ.

ಆಮೇಲೆ ಬಹುಕಾಲ ಕಥಾಚಿತ್ರಗಳನ್ನೇ ಮಾಡಿದ. ನಟರನ್ನು ಹತ್ತು ಸಲ ಬೇಕಾದರೂ ಅಳಿಸಬಹುದು, ಅದು ಅವರ ಕಸುಬು. ಹೆಣದ ಪಾತ್ರದವನು ಶವಪೆಟ್ಟಿಗೆಯಿಂದ ಎದ್ದು ಕ್ಯಾಮೆರಾಕ್ಕೆ ನಾಲಿಗೆ ಚಾಚಿದ ಮೇಲೆಯೇ ಅವನನ್ನು ಮನೆಗೆ ಕಳಿಸುತ್ತಿದ್ದ. ಇಲ್ಲದಿದ್ದರೆ ಸಾವು ಅದನ್ನು ನಿಜವೆಂದು ನಂಬಿಬಿಡುತ್ತದಂತೆ. ತಲೆ ನರೆತ ಮೇಲೆ ಮತ್ತೆ ಸಾಕ್ಷ್ಯಚಿತ್ರಕ್ಕೆ ಮರಳಿದ. ತಪ್ಪಿದ್ದು ತಪ್ಪಿತು, ಯಾರಿಗೂ ಇನ್ನೊಂದು ಸಲ ಎನ್ನಬಾರದು ಎಂದು ತಿಮಿಷನಿಗೆ ಕಟ್ಟಪ್ಪಣೆ ಮಾಡಿದ್ದ.

*

“ಸಿಗ್ಲಿಲ್ವಾ?” ಒರಿಸ್ಯ ಕೇಳಿದಳು.

“ಇಲ್ಲ, ಅತ್ತಿಗೆ.”

“ಇನ್ನೊಂದು ಸಲ ಹಾಕ್ಲಾ?”

“ಅಣ್ಣ ಒಪ್ತಿರ್ಲಿಲ್ಲ.”

“ಹಂಗಾದ್ರೆ ಕೆಳಗಿಳಿದು ಕೇಳ್ಕೊಂಡು ಬಾ.” ಅವಳು ಗುಂಡಿಯತ್ತ ಕೈ ತೋರಿಸಿದಳು. “ನೀನು ಕೇಳಿದ್ರೆ ತಾನೇ ತಪ್ಪು? ನಾನಾಗೇ ಹಾಕ್ತೀನಿ. ಜೀವಮಾನವೆಲ್ಲ ಅವರ ಸಿನಿಮಾ ಮುಗೀಲಿ ಅಂತ ಕಾದಿದ್ದೀನಿ. ಇದು ಅರ್ಧಕ್ಕೆ ನಿಲ್ಲೋದು ಬೇಡ.”

ಬಗ್ಗಿ ಒಂದು ಹಿಡಿ ಕರಿಮಣ್ಣು ತೆಗೆದುಕೊಂಡಳು. ತಿಮಿಷ್ ಕ್ಯಾಮೆರಾ ಚಾಲೂ ಮಾಡಿದ. ಗುಂಡಿ ತೋಡಿದವರು ಸಲಿಕೆ ಊರಿ ನಿಂತರು.

ಮೊದಲು ಹಾಕುವಾಗ ಅವಳಿಗೆ ಏನೂ ತೋಚಿರಲಿಲ್ಲ, ಎಲ್ಲರೂ ಹಾಕುವಂತೆ ಹಾಕಿದ್ದಳು. ಈಗ, ಈ ಮಣ್ಣು ಬಿದ್ದರೆ ಸಿನಿಮಾ ಮುಗಿದೇಹೋಗುತ್ತದೆ ಎನ್ನಿಸಿ, ಗುಂಡಿಯ ಮೇಲೆ ಚಾಚಿದ ಕೈ ಹಾಗೆಯೇ ನಿಂತಿತು. ಮಂಜು ಮೆಲ್ಲಗೆ ಮೊಣಕೈವರೆಗೆ ಏರಿತು.

“ಹಾಕಮ್ಮಾ,” ಎಂದಳು ಖಿಮ್ಕಾ.

ಒರಿಸ್ಯ ಇನ್ನೊಂದು ಕೈಯನ್ನೂ ತಂದು ಮುಷ್ಟಿಯ ಮೇಲೆ ಬಿಗಿಯಾಗಿ ಮುಚ್ಚಿದಳು. ಕ್ಯಾಮೆರಾ ಓಡುತ್ತಲೇ ಇತ್ತು.