ಧಣಿಗಳ ಫೋಟೋ ಹಿಂದಿನ ಗೋಡೆ

ಮೂಡುಬಿದಿರೆಯಲ್ಲಿ ಹನ್ನೆರಡು ಮಾಳಿಗೆ ಏಳಬೇಕಾಗಿದ್ದ ಫ್ಲಾಟುಗಳ ಕಟ್ಟಡ. ಅದರ ಎರಡನೆಯ ಮಾಳಿಗೆಯಲ್ಲೇ ಸೂಪರ್‌ವೈಸರ್ ಮುಂಡಪ್ಪನ ಮಾನ ಹೋಗುವ ಹಾಗಿತ್ತು. ಶಿಯರ್ ವಾಲ್ ಎಂದರೆ ಗಾಳಿಗೂ ಭೂಕಂಪಕ್ಕೂ ಇಡೀ ಕಟ್ಟಡದ ಪರವಾಗಿ ಎದೆಗೊಟ್ಟು ನಿಲ್ಲುವ ಕಾಂಕ್ರೀಟ್ ಗೋಡೆ. ಮಳೆಗೆ ಮುಂಚೆ ಮುಗಿಯಲೆಂದು ಮುಂಡಪ್ಪ ಅದರೊಳಗೆ, ಹಸಿ ಕಾಂಕ್ರೀಟನ್ನು ನಡುಗಿಸಿ ಸಂದುಗೊಂದಿಗೆಲ್ಲ ಇಳಿಸುವ ವೈಬ್ರೇಟರನ್ನು ಸರಿಯಾಗಿ ಇಳಿಸಗೊಡಲಿಲ್ಲ. ಅಚ್ಚಿನ ಹಲಗೆ ಬಿಚ್ಚಿದರೆ, ಗೋಡೆಯ ನಡುವೆ ಸಿಮೆಂಟು ತಲುಪದ ಜಲ್ಲಿ ಹಲ್ಲು ಕಿರಿಯುತ್ತಿತ್ತು. ಇನ್ನೊಂದು ಗೋಡೆ ಒಡೆಯುವ ಪ್ರಸಂಗ ಬಂದರೆ ನೀನು ಕೆಲಸ ಬಿಟ್ಟು ಬೆಳುವಾಯಿಯ ನಿನ್ನ ಮನೆಯಲ್ಲೇ ಕೂತಿರು ಎಂದು ಕಂಟ್ರಾಕ್ಟರ್ ಮೊದಲೇ ಹೇಳಿದ್ದ.

ಮುಂಡಪ್ಪ ತೂತಿಗೆ ಗಾರೆ ಮೆತ್ತಿದ. ಬಣ್ಣ ಬೇರೆಯಾಗಿ ಕಂಡಿತು. ಆದರೆ ಚಾಪೆಯ ಕೆಳಗೆ ನುಸುಳಲಾಗದಿದ್ದರೆ ರಂಗೋಲಿಯ ಕೆಳಗೆ ನುಸುಳುವ ಆಸಾಮಿ ಅವನು. ಸೈಟ್ ಆಫೀಸಿನಲ್ಲಿದ್ದ, ಕಟ್ಟಡದ ಮಾಲಕ ಭುಜಬಲಿಯವರ ತೀರಿಹೋದ ತಂದೆಯ ಫೋಟೋ ತಂದು ಅಲ್ಲಿಗೇ ಮೊಳೆ ಹೊಡೆದು ನೇತುಹಾಕಿದ. ಮಲ್ಲಿಗೆ ಹಾರ ಹಾಕಿದ, ಊದುಬತ್ತಿಯನ್ನೂ ಹಚ್ಚಿದ.

ಗುಣಮಟ್ಟ ನೋಡುವ ಇಂಜಿನಿಯರ್ ಸಾಧನಾ ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುತ್ತಾ ಬಂದಳು. ಫೋಟೋದ ಎದುರು ನಿಂತು ಕೈಮುಗಿದಳು.

"ದೊಡ್ಡ ಧಣಿಗಳು," ಎಂದ ಮುಂಡಪ್ಪ. "ಆಶೀರ್ವಾದ ಇರ್ಲಿ ಅಂತ."

ಅಷ್ಟರಲ್ಲಿ ಭುಜಬಲಿಯವರೇ ಮೆಟ್ಟಿಲು ಹತ್ತಿ ಬಂದರು. ಅಪ್ಪನನ್ನು ಕಂಡು ಅವರ ಕಣ್ಣು ತುಂಬಿತು.

"ನನ್ನ ಮಕ್ಕಳಿಗೇ ಅಜ್ಜನ ನೆನಪಿಲ್ಲ ಮಾರಾಯ್ರೆ. ಮುಂಡಪ್ಪಣ್ಣ, ಈ ಫ್ಲಾಟನ್ನು ನಾನು ಮಾರುವುದಿಲ್ಲ. ನೀವು, ಅಮ್ಮಣ್ಣಿ, ಮಕ್ಕಳು ಇದ್ರಲ್ಲೇ ಇರಿ. ಬಾಡಿಗೆ ಬೇಡ."

ಮುಂಡಪ್ಪನ ನಗು ಅರ್ಧಕ್ಕೆ ನಿಂತಿತು. ಆ ಗೋಡೆಯ ಮೇಲೆ ಇನ್ನೂ ಹತ್ತು ಮಾಳಿಗೆ ಬರಬೇಕು. ಇಷ್ಟು ದಿನ ಅದರ ಬದಿಗೆ ಮಲಗುವವರಿಗೆ ಮುಖವಿರಲಿಲ್ಲ. ಈಗ ಹೆಂಡತಿ ಅಮ್ಮಣ್ಣಿಯ ಮುಖ ಬಂತು. ಅವನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅವನು ಫೋಟೋ ಇಳಿಸಿದ. "ದೊಡ್ಡ ಧಣಿಗಳು ಆಫೀಸಿನಲ್ಲೇ ಇರ್ಲಿ. ಈ ಗೋಡೆ ಸರಿ ಇಲ್ಲ."

"ನೀವೇ ಹೇಳ್ತೀರೋ ಅಂತ ಕಾದೆ," ಎಂದಳು ಸಾಧನಾ. "ಕಾಂಕ್ರೀಟಿಗೆ ಮೊಳೆ ಇಷ್ಟು ಸಲೀಸಾಗಿ ಇಳಿಯುವುದು ಎಲ್ಲಿ ಉಂಟು?"

ಅವಳು ಎರಡೇ ಬೆರಳಿನಲ್ಲಿ ಮೊಳೆ ಎಳೆದಳು. ಅದರ ಜೊತೆ ಗಾರೆಯ ಹೆಂಟೆಯೂ ನಾಲ್ಕು ಜಲ್ಲಿಯೂ ಉದುರಿದವು.

ಭುಜಬಲಿಯವರು ತೂತನ್ನು ನೋಡಿದರು, ಮುಂಡಪ್ಪನನ್ನು ನೋಡಿದರು. ಫೋಟೋ ಇಸಿದುಕೊಂಡು ಹೆಗಲ ಶಾಲಿನಿಂದ ಧೂಳು ಒರೆಸಿದರು.

"ಅಪ್ಪನನ್ನು ನಾನು ಹಿಡ್ಕೊಳ್ತೇನೆ, ನೀವು ಗೋಡೆ ಒಡೀರಿ. ಕಂಟ್ರಾಕ್ಟರಿಗೆ ನಾನು ಹೇಳ್ತೇನೆ. ಫ್ಲಾಟ್ ಮಾತ್ರ ನಿಮಗೇ. ಹೊಸ ಗೋಡೆಯ ಬದಿಗೆ ನೀವೇ ಮಲಗ್ಬೇಕು."