ಬಾಗಿಲ ಬೆಳಕಿನಲ್ಲಿ ಕುಲಾವಿ

ಮಾನ್ವಿಯ ನಮ್ಮ ಓಣಿಯಲ್ಲಿ ಬಿಸಿಲು ಎದುರಿನ ಅಕ್ಕಿ ಗೋದಾಮಿನ ತಗಡು ದಾಟಿ ಬಾಗಿಲಿಗೆ ಬಂದರೆ ಸ್ವಲ್ಪ ಹೊತ್ತಿಗೇ ಮೇಲೇರಿಬಿಡುತ್ತದೆ. ಅಷ್ಟರೊಳಗೆ ಕುಲಾವಿಯ ಫೋಟೊ ಆಗಬೇಕಿತ್ತು.

ಅದನ್ನು ನಮ್ಮತ್ತೆ ಅಯ್ಯಮ್ಮ ಹೊಲಿದದ್ದು ನನ್ನ ಮದುವೆಯಾದ ವರ್ಷ, ಹುಟ್ಟಲಿರುವ ಮೊಮ್ಮಗುವಿನ ತಲೆಗೆ ಟೊಪ್ಪಿಗೆಯೆಂದು. ಕೆಂಪು ಖಣ, ಅಂಚಿಗೆ ಮಣಿ, ನೆತ್ತಿಯ ಮೇಲೆ ಸಣ್ಣ ಕನ್ನಡಿ. ಕೂಸು ಬರಲಿಲ್ಲ. ಕುಲಾವಿ ಮಾತ್ರ ಹಬ್ಬಹಬ್ಬಕ್ಕೂ ಟ್ರಂಕಿನಿಂದ ಹೊರಬಂದು, ಬಿಸಿಲು ಕಂಡು, ಬೇವಿನೆಲೆಯ ಜೊತೆ ಒಳಗೆ ಹೋಗುತ್ತಿತ್ತು. ಆಗೆಲ್ಲ ಅತ್ತೆ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಿನ್ನೆ ಅತ್ತೆಗೆ ಏನು ತಿಳಿಯಿತೋ, ‘ಮಾರಿಬಿಡು’ ಅಂದರು. ಅವರ ಮನಸ್ಸು ಬದಲಾಗುವ ಮೊದಲೇ ಅದು ಮನೆ ದಾಟಬೇಕು. ಇಲ್ಲದಿದ್ದರೆ ಮತ್ತೆ ಅವರ ಆ ಕಾಯುವುದು, ಆ ನೋಟ.

ರಾಯಚೂರಿನಲ್ಲಿ ಕೈಕೆಲಸದ ಅಂಗಡಿ ಇಟ್ಟಿರುವ ಸೌಭಾಗ್ಯ ಫೋನಿನಲ್ಲಿ ಹೇಳಿದ್ದಳು: “ಫ್ಲ್ಯಾಶ್ ಹಾಕಬ್ಯಾಡ ಮಲ್ಲಿಕಾ, ಬಾಗಲ ಬೆಳಕಿನಾಗ ತೆಗಿ. ಚಂದ ಬಂದ್ರ ತಗೋತೀನಿ.”

ತಂಬಿಗೆಗೆ ತೊಡಿಸಿದೆ, ಜಾರಿತು. ತೆಂಗಿನಕಾಯಿಗೆ ತೊಡಿಸಿದೆ, ಕೂಸಿನ ತಲೆಯಂತೆಯೇ ಕಂಡು ನೋಡಲಾಗದೆ ತೆಗೆದೆ. ಗಂಡನ ಬಿಳಿ ಪಂಚೆಯನ್ನು ನೆರಳಿನ ಬದಿಗೆ ಕಟ್ಟಿದ ಮೇಲೆ ಬೆಳಕೇನೋ ಹದವಾಯಿತು, ಆದರೆ ಕುಲಾವಿ ಚಪ್ಪಟೆಯಾಗಿಯೇ ಕೂತಿತ್ತು. ಅತ್ತೆ ಮೂಲೆಯಲ್ಲಿ ಕೂತು ಒಂದೂ ಮಾತಾಡದೆ ನೋಡುತ್ತಿದ್ದರು. ಬೈದಿದ್ದರಾದರೂ ಚೆನ್ನಾಗಿತ್ತು.

ಕೊನೆಗೆ ಪಕ್ಕದ ಮನೆಯ ನೂರ್ ಬೀಯ ಬಳಿ ಓಡಿದೆ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು.

“ನಿಮ್ಮ ಮೊಮ್ಮಗನ್ನ ಒಂದ್ ಗಳಿಗಿ ಕೊಡ್ರಿ, ಫೋಟೊಕ್ಕ.”

“ನಜರ್ ಆದ್ರ?” ಅಂದಳು. ಅಂದರೂ ಕೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟಿಟ್ಟು ಎತ್ತಿಕೊಂಡು ಬಂದಳು.

ಕೂಸಿನ ತಲೆಗೆ ಕುಲಾವಿ ಹೇಳಿ ಹೊಲಿಸಿದ ಹಾಗೆ ಕೂತಿತು. ಕೂಸು ಪಂಚೆಯ ಕಡೆ ಕಣ್ಣರಳಿಸಿತು. ಒಂದೇ ಫೋಟೊ. ಕಳಿಸಿದ ಕೂಡಲೇ ಸೌಭಾಗ್ಯಳ ಉತ್ತರ: ‘ಇದ ಬೇಕು. ನಾಳೆ ಬಸ್ಸಿಗೆ ತಗೊಂಡು ಬಾ.’

ಉಸಿರು ಬಿಟ್ಟೆ. ನೂರ್ ಬೀ ಗದ್ದದ ಕೆಳಗಿನ ಲಾಡಿ ಬಿಚ್ಚಲು ಹೋದಳು. ಅತ್ತೆ ಎದ್ದು ಬಂದು ಅವಳ ಕೈ ಹಿಡಿದರು.

“ತೆಗೀಬ್ಯಾಡಬೇ. ಕೂಸಿನ ತಲಿ ಏರಿದ್ದನ್ನ ಇಳಿಸಿ ಮಾರೂದಿಲ್ಲ. ಅದು ಈಗ ಈ ಕೂಸಿಂದ.”

ನೂರ್ ಬೀ ಗಾಬರಿಯಿಂದ ನನ್ನನ್ನು ನೋಡಿದಳು. ನನಗೆ ಮೈ ಉರಿದುಹೋಯಿತು.

“ಫೋಟೊಕ್ಕ ಹಾಕಿದ್ದರೀ ಅತ್ತಿ. ಗೊತ್ತಿದ್ರ ಮೊದಲ ಹೇಳಬೇಕಿತ್ತು. ಸೌಭಾಗ್ಯಗ ಏನಂತ ಹೇಳ್ಲಿ? ನಿಮಗ ಮಾರೂ ಮನಸ ಇರಲಿಲ್ಲ, ಹೌದಿಲ್ಲೋ?”

“ಇರಲಿಲ್ಲ,” ಅಂದರು ಅತ್ತೆ. “ನಿನ್ನ ಕಣ್ಣ ಮುಂದಿಂದ ಹೋಗ್ಲಿ ಅಂತ ಮಾರು ಅಂದೆ. ನೀ ಕೂಸು ತರಾಕ ಹೋದಾಗ ಬೇಕಂತ ಸುಮ್ಮನ ಕುಂತೆ. ರಾಯಚೂರಿಗೆ ಹೋದ್ರ ಯಾರ ತಲಿಮ್ಯಾಲ ಅದ ಅಂತ ನಮಗ ಹೆಂಗ ತಿಳೀತದ?”

ಅವರು ಕುಲಾವಿಯ ಲಾಡಿಯನ್ನು ಸಡಿಲವಾಗಿ ಕಟ್ಟಿ, ನನ್ನ ಕಡೆ ತಿರುಗಿದರು.

“ನಾ ಇನ್ನ ಕಾಯೂದಿಲ್ಲವ್ವ. ನೀನೂ ಕಾಯಬ್ಯಾಡ. ತಿಂಗಳಾ ತಿಂಗಳಾ ಬಚ್ಚಲದಾಗ ನೀರ ಬಿಟ್ಕೊಂಡು ನೀ ಅಳೂದು ನನಗ ಕೇಳಸ್ತದ.”

ಕಾಯುತ್ತಿದ್ದವರು ಅವರೊಬ್ಬರೇ, ನಾನು ಬರೀ ಬೈಸಿಕೊಳ್ಳಲು ಹೆದರುವವಳು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅಳು ತಡೆಯಲಾಗಲಿಲ್ಲ. ನೂರ್ ಬೀ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು.