ಭಾಗೀರಥಿಬಾಯಿಯವರ ಎರಡನೆಯ ಪ್ರಶ್ನೆ

ಭಾಗೀರಥಿಬಾಯಿ ಯಾರ ಮೊದಲ ಉತ್ತರವನ್ನೂ ನಂಬಿದವರಲ್ಲ. ಕಾಯಿಪಲ್ಲೆಯವಳು ಬೆಂಡೆ ಎಳೆಯದೆಂದರೂ, ಸ್ವಂತ ಅಳಿಯ ಆರಾಮಾಗಿದ್ದೇನೆಂದರೂ, ಕತ್ತನ್ನು ಒಂದಿಷ್ಟು ವಾಲಿಸಿ, "ಅದಿರಲಿ, ಖರೇ ಹೇಳ್ರಿ" ಎಂದು ಇನ್ನೊಮ್ಮೆ ಕೇಳಿದಾಗಲೇ ಆ ಜೀವಕ್ಕೆ ಸಮಾಧಾನ. ಕಲಬುರಗಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ದಾದಿಯಾಗಿದ್ದು ನಿವೃತ್ತರಾದ ಮೇಲೂ, ನೆತ್ತಿ ಸುಡುವ ವೈಶಾಖದಲ್ಲಿಯೂ, ಸೀರೆಯ ಮೇಲೆ ಬಿಳಿ ಕೋಟು ತೊಟ್ಟೇ ಹೊರಡುತ್ತಿದ್ದ ಹಟಮಾರಿ ಹೆಂಗಸು. ಮಡಿಗಿಡಿಯೆಲ್ಲ ಆಸ್ಪತ್ರೆಯ ಫಿನಾಯಿಲಿನಲ್ಲಿ ಎಂದೋ ತೊಳೆದುಹೋಗಿತ್ತು.

ಮಗುವಿನ ಚಿಕಿತ್ಸೆಯನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬ ಧರ್ಮಸಂಕಟದಲ್ಲಿ ವೈದ್ಯರಿಗೂ ಹೆತ್ತವರಿಗೂ ದಾರಿ ತೋರಲೆಂದು ಆ ಆಸ್ಪತ್ರೆಯಲ್ಲೊಂದು ಸಲಹಾ ಮಂಡಳಿಯಿತ್ತು. ನಿವೃತ್ತಿಯ ಮೇಲೂ ಬಾಯಿಯವರು ಅದರ ಸದಸ್ಯೆ. ಮಂಡಳಿಯಿಂದ ನಿಜಕ್ಕೂ ಉಪಯೋಗವಾಗಿದೆಯೇ ಎಂದು ೧೯೯೮ರಲ್ಲಿ ಆಸ್ಪತ್ರೆಯವರು ಪರೀಕ್ಷಿಸಹೊರಟಾಗ, ಗುಮಾಸ್ತ ಹೆತ್ತವರನ್ನು ಕರೆಸಿ ಕೇಳಿ ಬರೆದುಕೊಂಡ ನಲವತ್ತು ಹಾಳೆಗಳಲ್ಲೂ "ಸಮಾಧಾನವಾಗಿದೆ" ಎಂದೇ ಇತ್ತು. ವೈದ್ಯರು ಹಿಗ್ಗಿದರು. ಬಾಯಿಯವರಿಗೆ ಮಾತ್ರ ಕುತೂಹಲ ಕೆರಳಿತು.

"ದವಾಖಾನಿಯವರೇ ಕೇಳಿದ್ರ ಛಲೋ ಇಲ್ಲಂತ ಯಾರು ಅಂತಾರ್ರೀ? ನಾಳೆ ಮತ್ತ ಅಲ್ಲೇ ಬರೂದದ!" ಎಂದವರು ಕಮಲಾಪುರದ ಬಸ್ಸು ಹತ್ತಿಯೇಬಿಟ್ಟರು.

ಅಲ್ಲಿ ದುಂಡಮ್ಮ, ವರ್ಷದ ಹಿಂದೆ ಮಂಡಳಿಯ ಸಲಹೆಯಂತೆ ಉಸಿರಾಟದ ಯಂತ್ರ ತೆಗೆಯಲು ಒಪ್ಪಿ ಮಗಳನ್ನು ಕಳೆದುಕೊಂಡಿದ್ದವಳು, ಚಾಪೆ ಹಾಸಿ, ಕೆಂಪು ಬಾಳೆಹಣ್ಣು ಮುಂದಿಟ್ಟು, "ಎಲ್ಲಾ ಛಲೋ ನೋಡಿಕೊಂಡ್ರೀ ಬಾಯಾರ" ಎಂದಳು. ಬಾಯಿಯವರು ಹಣ್ಣು ತಿಂದರು, ಚಹಾ ಕುಡಿದರು, ತೊಗರಿ ಬೆಳೆಯ ಮಾತಾಡಿದರು, ಬಸ್ಸಿನ ಹೊತ್ತಾದರೂ ಏಳಲಿಲ್ಲ. ಕೊನೆಗೆ, "ಅದಿರಲಿ ತಂಗಿ, ಖರೇ ಹೇಳು" ಎಂದರು.

ದುಂಡಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಆ ಕಾಗದಕ್ಕ ನಾ ಹೆಬ್ಬಟ್ಟು ಒತ್ತದಿದ್ರ ನನ್ನ ಕೂಸು ಉಳೀತಿತ್ತೇನ್ರೀ? ನಾನೇ ಕೊಂದೀನಿ ಅನಸ್ತದ್ರೀ. ಯಾರ ಮುಂದೂ ಹೇಳಿಲ್ಲ."

ಆ ದಿನ ಶಾಯಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದವರು ಬಾಯಿಯವರೇ. ಮಗುವಿನ ಮೆದುಳು ಮೊದಲೇ ಸತ್ತಿತ್ತು; ಹೆಬ್ಬೆಟ್ಟು ಬೇಕಾಗಿದ್ದದ್ದು ಆಸ್ಪತ್ರೆಯ ಕಡತಕ್ಕೆ. ಅದನ್ನು ತಾಯಿಗೆ ಬಿಡಿಸಿ ಹೇಳುವುದನ್ನು, ಇನ್ನೊಬ್ಬರು ಹೇಳಿಯಾರೆಂದು, ಎಲ್ಲರೂ ಬಿಟ್ಟಿದ್ದರು.

"ನಿನ್ನ ಹೆಬ್ಬಟ್ಟಿಗೆ ಹೋಗಿಲ್ಲವ್ವಾ. ಕೂಸು ಅದಕ್ಕಿಂತ ಮೊದಲೇ ಹೋಗಿತ್ತು. ನಾವು ಹೇಳಲಿಲ್ಲ. ತಪ್ಪು ನಮ್ದು."

ಹೆಬ್ಬೆರಳು ಬಿಟ್ಟು ಅವರ ಕೋಟು ಹಿಡಿದುಕೊಂಡು ದುಂಡಮ್ಮ ಒಂದು ವರ್ಷದ ಅಳುವನ್ನೆಲ್ಲ ಅತ್ತಳು.

ಮರುದಿನ ಬಾಯಿಯವರು ಇದನ್ನು ತಮ್ಮ ಹೆಸರು ಸಹಿತ ವರದಿಯಲ್ಲಿ ಬರೆದು, ಉಳಿದ ಮೂವತ್ತೊಂಬತ್ತು ಮನೆಗಳ ವಿಳಾಸ ಕೇಳಿದರು. "ಹುಚ್ಚು ಹಿಡದದೇನ್ರೀ ಬಾಯಾರ?" ಎಂದರು ದೊಡ್ಡ ಡಾಕ್ಟರು.

ಉಪಕಾರ ಮಾಡಿ ಮರೆಯುವವರನ್ನು ಲೋಕ ದೊಡ್ಡವರೆನ್ನುತ್ತದೆ. ಬಾಯಿಯವರಂಥವರಿಗೆ ಆ ದೊಡ್ಡಸ್ತಿಕೆ ಇಲ್ಲ. ತಾವು ಮಾಡಿದ್ದು ಉಪಕಾರವೇ ಹೌದೋ ಎಂದು ಮನೆಬಾಗಿಲಿಗೇ ಹೋಗಿ ಕೇಳುತ್ತಾರೆ, ಅಲ್ಲವೆಂದರೆ ಕೂತು ಕೇಳಿಸಿಕೊಳ್ಳುತ್ತಾರೆ.